ಮಗ್ಗಿ ಬಾರದ ಮೇಷ್ಟರು

ಗೋಡೆಯ ಗಡಿಯಾರದ ಬೆನ್ನು ಬಿಚ್ಚಿ ನೋಡಿ, ಮತ್ತೆ ಜೋಡಿಸಲಾರದೆ ತಂದೆಯಿಂದ ಏಟು ತಿಂದ ಹುಡುಗರು ಹಿಂದೆ ಪ್ರತಿ ಬೀದಿಯಲ್ಲಿಯೂ ಒಬ್ಬಿಬ್ಬರು ಇರುತ್ತಿದ್ದರು. ಆ ಏಟು ವ್ಯರ್ಥವಾಗುತ್ತಿರಲಿಲ್ಲ. ಬಿಗಿದ ಸುರುಳಿ ಮೆಲ್ಲಮೆಲ್ಲನೆ ಸಡಿಲುವುದನ್ನೂ, ಒಂದು ಹಲ್ಲುಗಾಲಿ ಮತ್ತೊಂದನ್ನು ತಳ್ಳುವುದನ್ನೂ ಕಣ್ಣಾರೆ ಕಂಡ ಹುಡುಗನು, ಗಡಿಯಾರಕ್ಕೆ ಹೊತ್ತು ತಿಳಿಯುತ್ತದೆ ಎಂಬ ಭ್ರಮೆಯನ್ನು ಅಂದೇ ಬಿಡುತ್ತಿದ್ದನು. ಅದಕ್ಕೆ ಹೊತ್ತು ತಿಳಿಯದು; ಸುರುಳಿ ಬಿಚ್ಚಿಕೊಳ್ಳುತ್ತದೆ, ಮುಳ್ಳು ತಿರುಗುತ್ತದೆ, ಅಷ್ಟೆ. ಕೀಲಿ ಕೊಡುವವರು ಮರೆತರೆ ಎಲ್ಲವೂ ನಿಲ್ಲುತ್ತದೆ.

ಇಂದು ಗಡಿಯಾರಕ್ಕಿಂತ ಎಷ್ಟೋ ಮಡಿ ಸಮರ್ಥವಾದ ಯಂತ್ರವು ಮನೆಮಂದಿಯೆಲ್ಲರ ಕಿಸೆಗಳಲ್ಲಿಯೂ ಇದೆ. ಅದರ ಬೆನ್ನನ್ನು ಬಿಚ್ಚುವಂತಿಲ್ಲ. ಬಿಚ್ಚಿದರೂ ಕಣ್ಣಿಗೆ ಕಾಣುವಂಥದು ಏನೂ ಇಲ್ಲ. ಮೊಬೈಲ್ ಫೋನಿನ ಒಂದು ಚಿಪ್ಪಿನಲ್ಲಿ ಸಾವಿರ ಕೋಟಿಗೂ ಮೀರಿ ಟ್ರಾನ್ಸಿಸ್ಟರುಗಳಿರುವುದುಂಟು. ಅದನ್ನು ಸಮಗ್ರವಾಗಿ ಬಲ್ಲೆನೆಂದು ಹೇಳಬಲ್ಲವನು, ಅದನ್ನು ರಚಿಸಿದವರಲ್ಲಿಯೂ ಒಬ್ಬನಿಲ್ಲ. ಹೀಗಿರುವಾಗ ಅದನ್ನು ಮುಂದಿಟ್ಟುಕೊಂಡು ಗಣಕವಿದ್ಯೆಯ ಮೊದಲ ಪಾಠವನ್ನು ಕಲಿಸುವುದು ಹೇಗೆ?

ಬೆಳಗಿನ ಹೊತ್ತು ಹಾಸನದ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಹೊಳೆನರಸೀಪುರದಿಂದ, ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ಮೂವತ್ತು ನಲವತ್ತು ಕಿಲೋಮೀಟರುಗಳ ದಾರಿಯನ್ನು ನಿಂತೇ ಸವೆಸಿ ಬರುವ ವಿದ್ಯಾರ್ಥಿಗಳು ಅಲ್ಲಿ ಇಳಿಯುತ್ತಾರೆ. 1960ರಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದಂದಿನಿಂದ ಹಾಸನವು ಯಂತ್ರವಿದ್ಯೆಯ ಊರಾಗಿದೆ. ಇಂದಿನ ತಂದೆತಾಯಿಗಳ ಬಯಕೆ ಬಹುಮಟ್ಟಿಗೆ ಒಂದೇ: ಮಗ ಅಥವಾ ಮಗಳು 'ಕಂಪ್ಯೂಟರ್' ಓದಬೇಕು. ಓದುವವರು ಬುದ್ಧಿವಂತರೇ. ಆದರೆ ಅವರಲ್ಲಿ ಒಬ್ಬರನ್ನು ನಿಲ್ಲಿಸಿ, "ನಿಮ್ಮ ಯಂತ್ರವು ಐದಕ್ಕೆ ಮೂರನ್ನು ಹೇಗೆ ಕೂಡುತ್ತದೆ?" ಎಂದು ಕೇಳಿದರೆ ಉತ್ತರ ತಡವಾಗಿ ಬರುತ್ತದೆ, ಇಲ್ಲವೆ ಬರುವುದೇ ಇಲ್ಲ. ಅದು ದಡ್ಡತನವಲ್ಲ. ಗಡಿಯಾರದ ಬೆನ್ನನ್ನು ಬಿಚ್ಚಿ ನೋಡುವ ಅವಕಾಶವೇ ಅವರಿಗೆ ದೊರೆತಿಲ್ಲ.

ಅಂಥ ಅವಕಾಶವನ್ನು ಕೊಡಬಲ್ಲ ವಸ್ತುವೊಂದು ಕರ್ನಾಟಕದ ಅನೇಕ ಇಂಜಿನಿಯರಿಂಗ್ ಕಾಲೇಜುಗಳ ಮತ್ತು ಪಾಲಿಟೆಕ್ನಿಕ್‌ಗಳ ಪ್ರಯೋಗಶಾಲೆಗಳಲ್ಲಿ ಬಹುಕಾಲ ಮೇಜಿನ ಮೇಲಿದ್ದು, ಈಚೆಗೆ ಕಪಾಟು ಸೇರಿದೆ. ಅದರ ಹೆಸರು 8085 ಮೈಕ್ರೋಪ್ರೊಸೆಸರ್ ಕಿಟ್. ಇಂಟೆಲ್ ಸಂಸ್ಥೆಯು 1970ರ ದಶಕದ ನಡುವೆ ಹೊರತಂದ 8085 ಎಂಬ ಚಿಪ್ಪು ಅದರ ಹೃದಯ. ನಲವತ್ತು ಕಾಲುಗಳ ಕಪ್ಪು ಜರಿಯಂತೆ ಅದು ಹಸಿರು ಹಲಗೆಯ ಮೇಲೆ ಕುಳಿತಿರುತ್ತದೆ. ಅದರಲ್ಲಿರುವುದು ಸುಮಾರು 6,500 ಟ್ರಾನ್ಸಿಸ್ಟರುಗಳು. ಪಕ್ಕದಲ್ಲಿ ಇಪ್ಪತ್ತು ಚಿಲ್ಲರೆ ಗುಂಡಿಗಳು. ಮೇಲೆ ಕೆಂಪಗೆ ಬೆಳಗುವ ಕೆಲವು ಅಂಕಿಗಳು. ಚಿತ್ರವಿಲ್ಲ, ಸಂಗೀತವಿಲ್ಲ. ನೋಡಿದವರಿಗೆ ಅಂಗಡಿಯ ತಕ್ಕಡಿಯ ನೆನಪಾದರೆ ಆಶ್ಚರ್ಯವಿಲ್ಲ.

ಈ ಮೇಷ್ಟರ ಭಾಷೆಯನ್ನು ಅರಿಯಲು ಅಜ್ಜಿಯರ ಕಾಲದ ಅಡುಗೆಮನೆಗೆ ಹೋದರೆ ಸಾಕು. ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು: ಒಂದರಲ್ಲಿ ಅರ್ಧ ಮತ್ತೊಂದು. ಸೇರಿಗೆ ಹದಿನಾರು ಚಟಾಕು. ಈ ಐದು ಅಳತೆಗಳು ಒಂದೊಂದೇ ಇದ್ದರೂ 1 ಚಟಾಕಿನಿಂದ 31 ಚಟಾಕಿನವರೆಗೆ ಯಾವ ಪ್ರಮಾಣವನ್ನಾದರೂ ಅಳೆಯಬಹುದು. 13 ಚಟಾಕು ಬೇಕಾದರೆ ಅಚ್ಚೇರು, ಪಾವು, ಚಟಾಕುಗಳನ್ನು ತೆಗೆದುಕೊಂಡು, ಸೇರನ್ನೂ ಅರೆಪಾವನ್ನೂ ಬಿಟ್ಟರಾಯಿತು. ತೆಗೆದುಕೊಂಡದ್ದಕ್ಕೆ ಒಂದು, ಬಿಟ್ಟದ್ದಕ್ಕೆ ಸೊನ್ನೆ ಎಂದು ಬರೆದರೆ 01101 ಆಗುತ್ತದೆ. ಗಣಕಯಂತ್ರದ ಎಣಿಕೆಯ ಗುಟ್ಟು ಇದಿಷ್ಟೇ. 8085ರ ನೆನಪಿನ ಒಂದೊಂದು ಮನೆಯಲ್ಲಿಯೂ ಇಂಥ ಎಂಟು ಅಳತೆಗಳಿಗೆ ಜಾಗವಿದೆ. ಎಂಟನ್ನೂ ತುಂಬಿದರೆ 255.

ಅರ್ಧ ಮಾಡುತ್ತ ಹೋಗುವ ಈ ಲೆಕ್ಕ ಚನ್ನರಾಯಪಟ್ಟಣದ ಸೀಮೆಗೆ ಹೊಸದೂ ಅಲ್ಲ. ಆ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ. ಹತ್ತನೆಯ ಶತಮಾನದ ಆತನ ತ್ರಿಲೋಕಸಾರದಲ್ಲಿ 'ಅರ್ಧಚ್ಛೇದ' ಎಂಬ ಪರಿಭಾಷೆಯಿದೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಸರಿಯಾಗಿ ಅರ್ಧಿಸಬಹುದು ಎಂಬ ಎಣಿಕೆ. 256ರ ಅರ್ಧಚ್ಛೇದ ಎಂಟು. ಎಂಟು ಅಳತೆಗಳ ಮನೆಯಲ್ಲಿ, ಸೊನ್ನೆಯೂ ಸೇರಿ, 256 ಬಗೆಯ ಸಂಖ್ಯೆಗಳು ಮಾತ್ರ ಹಿಡಿಯುವುದಕ್ಕೆ ಕಾರಣವೂ ಅದೇ.

ಇನ್ನು ಗುಂಡಿಗಳ ಮೇಲಿನ ಬರಹ. ಅಲ್ಲಿ ಒಂಬತ್ತಾದ ಮೇಲೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರಗಳಿವೆ. ಏಕೆಂದರೆ ಎಣಿಕೆ ಹದಿನಾರರ ಮೇಲೆ ನಡೆಯುತ್ತದೆ. 1957ರ ಏಪ್ರಿಲಿನಲ್ಲಿ ನಯಾ ಪೈಸೆ ಬರುವವರೆಗೆ ಈ ದೇಶದ ಪ್ರತಿಯೊಬ್ಬ ಕಿರಾಣಿ ವರ್ತಕನೂ ಹೀಗೆಯೇ ಎಣಿಸುತ್ತಿದ್ದನು: ಹದಿನಾರಾಣೆಗೆ ಒಂದು ರೂಪಾಯಿ. ಕಿಟ್ಟಿನ ಮೇಲೆ '3ಇ' ಎಂದು ಕಂಡರೆ ಅದು ಮೂರು ರೂಪಾಯಿ ಹದಿನಾಲ್ಕಾಣೆ, ಎಂದರೆ 62 ಆಣೆ. ಒಂಬತ್ತಕ್ಕೆ ಎಂಟನ್ನು ಕೂಡಿಸಿದಾಗ ಕೆಂಪು ಅಂಕಿ '11' ಎಂದು ತೋರಿಸುತ್ತದೆ. ಯಂತ್ರ ಕೆಟ್ಟಿದೆಯೆಂದು ಮಕ್ಕಳು ಗಾಬರಿಯಾಗುತ್ತಾರೆ. ಒಂಬತ್ತಾಣೆಗೆ ಎಂಟಾಣೆ ಸೇರಿದರೆ ಒಂದು ರೂಪಾಯಿ ಒಂದಾಣೆ ಎಂದು ಅವರ ತಾತನು ಬಾಯಲ್ಲಿಯೇ ಹೇಳಿಯಾನು.

ಈಗ ಐದಕ್ಕೆ ಮೂರನ್ನು ಕೂಡುವ ಬಗೆ. ವಿದ್ಯಾರ್ಥಿಯು ನೆನಪಿನ ಮನೆಗಳಲ್ಲಿ ಸಾಲಾಗಿ 3ಇ, 05, 06, 03, 80 ಎಂದು ಗುಂಡಿಯೊತ್ತಿ ತುಂಬುತ್ತಾನೆ. 3ಇ ಎಂದರೆ "ಮುಂದಿನ ಮನೆಯ ಸಂಖ್ಯೆಯನ್ನು ಎ ಎಂಬ ರಿಜಿಸ್ಟರಿಗೆ ಹಾಕು." 06 ಎಂದರೆ "ಮುಂದಿನದನ್ನು ಬಿ ರಿಜಿಸ್ಟರಿಗೆ ಹಾಕು." 80 ಎಂದರೆ "ಬಿಯಲ್ಲಿರುವುದನ್ನು ಎಯಲ್ಲಿರುವುದಕ್ಕೆ ಕೂಡು." ಉತ್ತರವನ್ನು ಒಂದು ಮನೆಯಲ್ಲಿ ಇರಿಸಲು ಇನ್ನೊಂದು ಆಜ್ಞೆ; ನಿಲ್ಲಲು 76. ನಡೆಸುವ ಗುಂಡಿಯನ್ನು ಒತ್ತಿ, ಆ ಮನೆಯನ್ನು ತೆರೆದು ನೋಡಿದರೆ 08. ಫೋನಿನಲ್ಲಿ ಕಣ್ಣುಮಿಟುಕುವಷ್ಟರಲ್ಲಿ ಬರುವ ಉತ್ತರಕ್ಕೆ ಇಲ್ಲಿ ಹತ್ತು ನಿಮಿಷ. ಆದರೆ ಆ ಹತ್ತು ನಿಮಿಷಗಳಲ್ಲಿ ನಡೆದ ಯಾವುದೂ ಆತನಿಗೆ ಮರೆಯಾಗಿಲ್ಲ.

ನಿಜವಾದ ಪಾಠ ಪ್ರಾರಂಭವಾಗುವುದು ತಪ್ಪಿನಿಂದ. ವಿದ್ಯಾರ್ಥಿಯು ಅಜಾಗ್ರತೆಯಿಂದ ಮೊದಲ ಮನೆಯ ಬದಲು ಎರಡನೆಯ ಮನೆಯಿಂದ ಯಂತ್ರವನ್ನು ನಡೆಸಿದನೆನ್ನೋಣ. ಅಲ್ಲಿರುವುದು 05, ಆತನ ಮನಸ್ಸಿನಲ್ಲಿ ಅದು ಐದು ಎಂಬ ಸಂಖ್ಯೆ. ಯಂತ್ರಕ್ಕೆ ಆತನ ಮನಸ್ಸು ತಿಳಿಯದು. ಆಜ್ಞೆಯ ಸ್ಥಾನದಲ್ಲಿ ಕಂಡ 05 ಅದರ ಪಾಲಿಗೆ "ಬಿಯಲ್ಲಿ ಒಂದನ್ನು ಕಳೆ" ಎಂಬ ಅಪ್ಪಣೆ. ಅದು ವಿನಯದಿಂದ ಒಂದನ್ನು ಕಳೆದು ಮುಂದುವರಿಯುತ್ತದೆ. ಎಯಲ್ಲಿ ಹಿಂದೆ ಉಳಿದಿದ್ದ ಯಾವುದೋ ಸಂಖ್ಯೆಗೆ ಮೂರನ್ನು ಕೂಡಿ, ಉತ್ತರವೆಂದು ಒಪ್ಪಿಸುತ್ತದೆ. ಗಂಟೆ ಬಾರಿಸುವುದಿಲ್ಲ, ಅನುಮಾನ ಪಡುವುದಿಲ್ಲ. ತಪ್ಪು ಉತ್ತರವೂ ಸರಿಯುತ್ತರದಷ್ಟೇ ಕೆಂಪಗೆ, ಅಷ್ಟೇ ಸ್ಪಷ್ಟವಾಗಿ ಬೆಳಗುತ್ತದೆ.

ಇನ್ನೊಂದು ಪ್ರಯೋಗ: 200ಕ್ಕೆ 100ನ್ನು ಕೂಡಿಸುವುದು. ಉತ್ತರದ ಮನೆಯಲ್ಲಿ ಕಾಣುವುದು 300 ಅಲ್ಲ. ಆಣೆಯ ಲೆಕ್ಕವನ್ನು ಬಿಡಿಸಿ ಹೇಳುವುದಾದರೆ ಬರಿಯ 44. ಮನೆಯಲ್ಲಿ ಹಿಡಿಯದ 256 ಹೊರಚೆಲ್ಲಿದೆ. ಚೆಲ್ಲಿತು ಎಂಬುದನ್ನು ಯಂತ್ರವು ಒಂದು ಸಣ್ಣ ಗುರುತಾಗಿ ಬೇರೆಡೆ ಇಟ್ಟಿರುತ್ತದೆ. ಆದರೆ ನೋಡೆಂದು ಹೇಳದಿದ್ದರೆ ಯಾರೂ ಅದನ್ನು ನೋಡುವುದಿಲ್ಲ.

ಗುಣಾಕಾರವೋ, 8085ಕ್ಕೆ ಬಾರದೇ ಬಾರದು. ಏಳಾರಲೆ ನಲವತ್ತೆರಡು ಎಂದು ಮೂರನೆಯ ತರಗತಿಯ ಬಾಲಕಿ ಹೇಳಿದರೆ, ಈ ಮೇಷ್ಟರು ಏಳನ್ನು ಆರು ಸಲ ಕೂಡುತ್ತಾರೆ. ಎಷ್ಟು ಸಲವಾಯಿತೆಂದು ಎಣಿಸುವುದನ್ನೂ ವಿದ್ಯಾರ್ಥಿಯೇ ಹೇಳಿಕೊಡಬೇಕು. ಎಣಿಕೆಯಲ್ಲಿ ಒಂದು ಹೆಚ್ಚಾದರೆ ನಲವತ್ತೊಂಬತ್ತು. ಹೇಳಿಕೊಟ್ಟಾಗಲೇ ಕಲಿತದ್ದು ಗಟ್ಟಿಯಾಗುವುದು ಎಂಬುದು ಹಳೆಯ ಅನುಭವ. ಇಲ್ಲಿ ಶಿಷ್ಯನೇ ಗುರುವಿಗೆ ಮಗ್ಗಿಯನ್ನು ಕಲಿಸುತ್ತಾನೆ. ಆ ನೆಪದಲ್ಲಿ ಗುರುವಿನ ಒಳಗೆಲ್ಲ ಓಡಾಡಿ ಬರುತ್ತಾನೆ.

ಬಡ ಯಂತ್ರಗಳು ಒಳ್ಳೆಯ ಗುರುಗಳಾದದ್ದು ಇದೇ ಮೊದಲಲ್ಲ. 1963ರಲ್ಲಿ ಕಾನಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಎಂಬ ಯಂತ್ರ ಬಂದಿತು. ಅದಕ್ಕೆ ಕೂಡುವ ಅಂಗವೇ ಇರಲಿಲ್ಲ! ಕೂಲಿಮಠದ ಹುಡುಗನಂತೆ ಅದು ಸಂಕಲನದ ಕೋಷ್ಟಕವನ್ನೂ ಗುಣಾಕಾರದ ಮಗ್ಗಿಯನ್ನೂ ನೆನಪಿನಲ್ಲಿ ಇಟ್ಟುಕೊಂಡು, ಪ್ರತಿಯೊಂದು ಲೆಕ್ಕಕ್ಕೂ ಅದನ್ನೇ ತೆಗೆದು ನೋಡುತ್ತಿತ್ತು. ಆ ಕೋಷ್ಟಕದ ಮೇಲೆ ಯಾರಾದರೂ ಬೇರೆ ಅಂಕಿಗಳನ್ನು ಬರೆದುಬಿಟ್ಟರೆ ಅದರ ಲೆಕ್ಕವೆಲ್ಲ ತಪ್ಪು. ಅದರ ಅಡ್ಡಹೆಸರಾದ 'ಕ್ಯಾಡೆಟ್' ಎಂಬುದಕ್ಕೆ "ಕೂಡಲು ಬಾರದು, ಯತ್ನವನ್ನೂ ಮಾಡದು" ಎಂದು ಇಂಜಿನಿಯರುಗಳು ನಗೆಯ ಅರ್ಥವನ್ನು ಕಟ್ಟಿದ್ದರು. ಆ ಯಂತ್ರದ ಮುಂದೆ ಪಾಠ ಹೇಳಿದವರಲ್ಲಿ ಪ್ರೊಫೆಸರ್ ವಿ. ರಾಜಾರಾಮನ್ ಒಬ್ಬರು. ಮುಂದೆ 1982ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿಸಿದ ಅವರ ಅಗ್ಗದ ಬೆಲೆಯ ಪಠ್ಯಪುಸ್ತಕಗಳಿಂದ ಗಣಕವಿದ್ಯೆಯನ್ನು ಕಲಿತವರ ಸಂಖ್ಯೆ ದೊಡ್ಡದು.

ಶಾಲೆಗಳ ಮಟ್ಟದಲ್ಲಿ ಭಾರತ ಸರ್ಕಾರವು 1984ರಲ್ಲಿ 'ಕ್ಲಾಸ್' ಎಂಬ ಯೋಜನೆಯನ್ನು ಕೈಗೊಂಡು, ಮೊದಲು 250 ಶಾಲೆಗಳಿಗೆ ಇಂಗ್ಲೆಂಡಿನ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ಒದಗಿಸಿತು. ಅದರ ನೆನಪು ಕೇವಲ 32 ಕಿಲೋಬೈಟು. ಇಂದಿನ ಫೋನು ತೆಗೆದ ಒಂದು ಚಿತ್ರ ಅದರ ನೂರು ಪಾಲಾಗುವುದುಂಟು. ಗುಂಡಿ ಅದುಮಿದೊಡನೆ ಅದು "ಏನಪ್ಪಣೆ?" ಎಂಬಂತೆ ಖಾಲಿ ಪರದೆಯನ್ನು ತೋರಿ ಕಾಯುತ್ತಿತ್ತು, ಬಳಸುವವನು ಏನಾದರೂ ಬರೆಯದ ಹೊರತು ಅದು ಮುಂದೆ ಹೋಗುತ್ತಿರಲಿಲ್ಲ. ಆ ಯಂತ್ರದೊಡನೆ ಬೆಳೆದ ಇಂಗ್ಲೆಂಡಿನ ಪೀಳಿಗೆ ಕಳೆದ ಮೇಲೆ, ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಕವಿಜ್ಞಾನಕ್ಕೆ ಅರ್ಜಿ ಹಾಕುವವರಲ್ಲಿ ಕೈಪಳಗಿದವರು ಕಡಮೆಯಾದುದನ್ನು ಅಲ್ಲಿಯ ಅಧ್ಯಾಪಕರು ಗಮನಿಸಿದರು. ಆ ಕಳವಳದ ಫಲವೇ 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಅಗ್ಗದ ಗಣಕ. ಅದರ ಮಾದರಿಗಳಿಗೆ ಬಿ.ಬಿ.ಸಿ. ಮೈಕ್ರೋದಂತೆಯೇ ಎ, ಬಿ ಎಂದು ಹೆಸರಿಟ್ಟುದು ಹಳೆಯ ಗುರುವಿಗೆ ಸಲ್ಲಿಸಿದ ನಮಸ್ಕಾರ.

ಕಿಟ್ಟೂ ಇಲ್ಲದ, ಮಧ್ಯಾಹ್ನದ ವಿದ್ಯುತ್ತೂ ನಂಬುವಂತಿಲ್ಲದ ಶಾಲೆಗಳು ಏನು ಮಾಡಬೇಕು? ಅದಕ್ಕೂ ಹಳೆಯ ಕಾಲವೇ ದಾರಿ ತೋರಿದೆ. 1968ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು 'ಕಾರ್ಡಿಯಾಕ್' ಎಂಬ ರಟ್ಟಿನ ಗಣಕವನ್ನು ಪ್ರೌಢಶಾಲೆಯ ಮಕ್ಕಳಿಗಾಗಿ ರಚಿಸಿದರು. ಅದರಲ್ಲಿ ನೂರು ಮನೆಗಳು, ಹತ್ತು ಆಜ್ಞೆಗಳು. ನಡೆಸುವ ಶಕ್ತಿ ಮಗುವಿನ ಕೈ. ಪ್ರತಿ ಆಜ್ಞೆಯೂ ಮೂರು ಅಂಕಿಗಳದು: ಮೊದಲನೆಯದು ಕೆಲಸ, ಉಳಿದೆರಡು ಮನೆಯ ಸಂಖ್ಯೆ. ಎರಡು ಸಂಖ್ಯೆಗಳನ್ನು ಕೂಡಲು 034, 035, 134, 235, 636, 536, 900 ಎಂಬ ಏಳು ಸಾಲು ಸಾಕು. ಬರುವ ಸಂಖ್ಯೆಗಳನ್ನು 34 ಮತ್ತು 35ನೆಯ ಮನೆಗಳಿಗೆ ಹಾಕು, 34ನೆಯದನ್ನು ಕೈಗೆ ತೆಗೆದುಕೋ, 35ನೆಯದನ್ನು ಕೂಡು, 36ರಲ್ಲಿ ಇಡು, ಅದನ್ನು ಹೊರಗೆ ತೋರಿಸು, ನಿಲ್ಲು. ಅರಕಲಗೂಡಿನ ಯಾವ ಪ್ರೌಢಶಾಲೆಯ ಉಪಾಧ್ಯಾಯರಾದರೂ ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಇದನ್ನು ಒಂದು ಸಂಜೆಯಲ್ಲಿ ಮಾಡಬಹುದು. ಒಬ್ಬ ಹುಡುಗಿ ನೆನಪಾಗಲಿ, ಒಬ್ಬ ಹುಡುಗ ಕೂಡುವವನಾಗಲಿ, ಮತ್ತೊಬ್ಬರು ಆಜ್ಞೆಯನ್ನು ಓದುವವರಾಗಲಿ. ಅರ್ಧ ಗಂಟೆಯಲ್ಲಿ ತರಗತಿಯೇ ಗಣಕವಾಗುತ್ತದೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಕೆಲಸ ಕೊಡುವವರು 8085ನ್ನು ಕೇಳುತ್ತಾರೆಯೇ? ಕೇಳುವುದಿಲ್ಲ. ಹಳೆಯ ಹಲಗೆ ಕೆಟ್ಟರೆ ಬಿಡಿಭಾಗ ಸಿಗುವುದು ಕಷ್ಟ. ಆಗ ಅದರ ನಡೆಯನ್ನೇ ತೆರೆಯ ಮೇಲೆ ತೋರಿಸುವ, ಬಿಟ್ಟಿಯಾಗಿ ದೊರೆಯುವ ತಂತ್ರಾಂಶಗಳಿಗೆ ಶರಣಾಗಬೇಕು. ಎಲ್ಲಕ್ಕಿಂತ ದೊಡ್ಡ ಆಕ್ಷೇಪವು ಬೇರೆಯದು. ಈ ಕಿಟ್ಟುಗಳ ಮುಂದೆ ವರ್ಷಗಟ್ಟಲೆ ಕುಳಿತೂ ಏನನ್ನೂ ಕಲಿಯದೆ ಹೋದವರು ಅನೇಕರು. ಮೇಲಿನ ತರಗತಿಯವರ ರೆಕಾರ್ಡ್ ಪುಸ್ತಕದಿಂದ ಅಂಕಿಗಳನ್ನು ನಕಲಿಳಿಸಿ, ಗುಂಡಿಯೊತ್ತಿ, ಉತ್ತರ ಬಂದೊಡನೆ ಸಹಿ ಹಾಕಿಸಿಕೊಂಡು ಎದ್ದುಹೋದವರಿಗೆ ಅದೂ ಒಂದು ಕಂಠಪಾಠವೇ ಆಯಿತು. ಯಂತ್ರದ ಸರಳತೆ ತಾನಾಗಿ ಕಲಿಸದು. "ಗುಂಡಿಯೊತ್ತುವ ಮುನ್ನ ಯಾವ ಮನೆಯಲ್ಲಿ ಏನು ಬರುವುದೆಂದು ಕಾಗದದ ಮೇಲೆ ಬರೆ" ಎನ್ನುವ ಅಧ್ಯಾಪಕರು ಪಕ್ಕದಲ್ಲಿರಬೇಕು. ಬರೆದದ್ದೂ ಬಂದದ್ದೂ ಬೇರೆಯಾದಾಗ ಮೂಡುವ ಆ ಒಂದು ಕ್ಷಣದ ಕುತೂಹಲವೇ ವಿದ್ಯೆ. ಮೊದಲ ವರ್ಷದ ಎರಡು ಮೂರು ವಾರ ಇದಕ್ಕೆ ಸಾಕು. ಬಳಿಕ ಹೊಸ ಯಂತ್ರಗಳಿಗೆ ಹೋಗಲೇಬೇಕು. ಏಣಿಯನ್ನೇ ಮನೆಯೆಂದು ಬಗೆಯಬಾರದು.

ಹಳೆಯ ಯಂತ್ರವನ್ನು ಪೂರ್ಣವಾಗಿ ಬಲ್ಲವರ ಬೆಲೆ ಹಾಸನಕ್ಕೆ ಬೇರೊಂದು ಬಗೆಯಿಂದಲೂ ಗೊತ್ತಿದೆ. 1982ರಿಂದ ಅಲ್ಲಿ ನಡೆದುಬಂದಿರುವ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಕಾಯುತ್ತದೆ. ಹತ್ತಾರು ವರ್ಷ ದುಡಿಯಬೇಕಾದ ಉಪಗ್ರಹದೊಳಗಿನ ಗಣಕವನ್ನು ಕೆಳಗಿಳಿಸಿ ಹೊಸದನ್ನು ಹಾಕುವಂತಿಲ್ಲ. ಹಾರಿದ ದಿನದಿಂದಲೇ ಅದು ಹಳೆಯದಾಗತೊಡಗುತ್ತದೆ. ನೆಲದ ಮೇಲಿನವರು ಅದರ ಒಳಹೊರಗನ್ನು ಬಲ್ಲವರಾಗಿರದೆ ವಿಧಿಯಿಲ್ಲ.

ಆದರೆ ಈ ಅರಿವು ಬೇಕಾಗಿರುವುದು ಉಪಗ್ರಹ ಕಾಯುವವರಿಗೆ ಮಾತ್ರವಲ್ಲ. ಚನ್ನರಾಯಪಟ್ಟಣದ ಕಡೆಯ ಹಳ್ಳಿಯಿಂದ ಹಾಸನಕ್ಕೆ ಬಂದು ಓದುವ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಆಕೆಯ ತಂದೆ ಬೆಳಿಗ್ಗೆ ಹಾಲಿನ ಡೇರಿಗೆ ಹಾಲು ಹಾಕುತ್ತಾನೆ. ಯಂತ್ರವು ತೂಕವನ್ನೂ ಜಿಡ್ಡಿನ ಅಂಶವನ್ನೂ ಚೀಟಿಯಲ್ಲಿ ಮುದ್ರಿಸುತ್ತದೆ. ಆ ಅಂಕಿಯ ಮೇಲೆ ಆತನ ಹಣ, ಆ ಹಣದ ಮೇಲೆ ಆಕೆಯ ಓದು. ಅಂಥ ಯಂತ್ರಗಳ ಒಡಲಲ್ಲಿ ದುಡಿಯುವುದು, ಬರೆದಿಟ್ಟ ಆಜ್ಞೆಗಳನ್ನು ನಡೆಸುವ ಪುಟ್ಟ ಗಣಕ. 8085ರ ದೂರದ ದಾಯಾದಿ. ಒಂದು ದಿನ ಅಂಕಿ ಏಕಾಏಕಿ ಇಳಿಯಿತೆನ್ನೋಣ. "ಕಂಪ್ಯೂಟರಿನಲ್ಲಿ ಹೀಗೆ ಬಂದಿದೆ, ಏನು ಮಾಡೋಣ?" ಎಂಬ ಉತ್ತರ ಸಿಗುತ್ತದೆ. ಇದೇ ಮಾತನ್ನು ಪಟ್ಟಣದ ವಾಚಕರು ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ವಿದ್ಯುತ್ ಬಿಲ್ಲಿನ ಕಿಟಕಿಯಲ್ಲಿ ಎಷ್ಟು ಸಲ ಕೇಳಿ ಸುಮ್ಮನೆ ಹಿಂದಿರುಗಿಲ್ಲ!

ತಂದೆ ಹಿಂದಿರುಗಿಯಾನು. ಮಗಳು ಹಿಂದಿರುಗಬೇಕಾಗಿಲ್ಲ. ಐದೆಂಬ ಸಂಖ್ಯೆಯನ್ನು ಕಳೆಯುವ ಆಜ್ಞೆಯೆಂದು ತಿಳಿದು ಯಂತ್ರವು ನಿಸ್ಸಂಕೋಚವಾಗಿ ತಪ್ಪು ಲೆಕ್ಕ ಒಪ್ಪಿಸಿದುದನ್ನು ಆಕೆ ಒಮ್ಮೆ ಕಣ್ಣಾರೆ ಕಂಡಿದ್ದರೆ, ಕಂಪ್ಯೂಟರ್ ಹೇಳಿತೆಂಬುದು ಆಕೆಗೆ ವಾದದ ಕೊನೆಯಲ್ಲ, ಮೊದಲು. "ಇದನ್ನು ಕೊನೆಯ ಸಲ ಯಾವಾಗ ಸರಿಹೊಂದಿಸಿದಿರಿ? ಇದೇ ಹಾಲನ್ನು ಇನ್ನೊಮ್ಮೆ ಪರೀಕ್ಷಿಸುವಿರಾ?" ಎಂದು ಮೆಲ್ಲಗೆ ಕೇಳುವ ಧೈರ್ಯ ಆಕೆಗೆ ಬರುತ್ತದೆ. ಯಂತ್ರ ಸರಿಯಾಗಿಯೇ ಇರಬಹುದು, ಹಾಲೇ ತೆಳ್ಳಗಿರಬಹುದು. ಕೇಳಿ ತಿಳಿದಂತಾಯಿತು.

ಹಳೆಯ ಕಿಟ್ಟುಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವ ಕಾಲ ಇದು. ತಗಡು, ತಾಮ್ರ, ಒಂದಿಷ್ಟು ಪ್ಲಾಸ್ಟಿಕ್ಕು. ಬರುವ ಹಣ ಕಾಲೇಜಿನ ಸಿಬ್ಬಂದಿಯ ಒಂದು ಹೊತ್ತಿನ ಕಾಫಿಗೆ ಆದೀತು. ಗುಜರಿಯವನು ತಕ್ಕಡಿ ಹಿಡಿದು ಬಾಗಿಲಿಗೆ ಬರುವ ಮುನ್ನ, ಆ ಕಪಾಟಿನ ಬೀಗವನ್ನು ತೆಗೆದು, ಎರಡು ಹಲಗೆಗಳ ದೂಳು ಒರೆಸಿ, ವಿದ್ಯುತ್ತು ಕೊಟ್ಟು ನೋಡುವುದು ಒಳ್ಳೆಯದು. ಕೆಂಪು ಅಂಕಿಗಳು ಬೆಳಗಿದರೆ, ಮೇಷ್ಟರು ಇನ್ನೂ ಪಾಠಕ್ಕೆ ಸಿದ್ಧರಿದ್ದಾರೆ.